ಐಬಿ: 24 ಅಂಕ ಬಂದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಪಿಯುಸಿ ಬದಲು ಎರಡು ವರ್ಷದ ಅಂತರರಾಷ್ಟ್ರೀಯ ಕೋರ್ಸ್ ಆದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾ ಆರಿಸಿಕೊಳ್ಳುವ ಬೆಂಗಳೂರಿನ ಪೋಷಕರು ಮೊದಲು ಅಂಕಗಳ ಲೆಕ್ಕ ತಿಳಿದಿರಬೇಕು. ಆರು ವಿಷಯ, ತಲಾ 7 ಅಂಕ. ವಿದ್ಯಾರ್ಥಿಯೇ ಸಂಶೋಧಿಸಿ ಬರೆಯುವ ದೀರ್ಘ ಪ್ರಬಂಧ ಮತ್ತು ಜ್ಞಾನದ ಸ್ವರೂಪ ಕುರಿತ ‘ಥಿಯರಿ ಆಫ್ ನಾಲೆಡ್ಜ್’ ಎರಡಕ್ಕೂ ಸೇರಿ 3. ಒಟ್ಟು 45. ತೇರ್ಗಡೆಗೆ 24 ಸಾಕೆಂದು ನೆಮ್ಮದಿಯಾಗಿರುವಂತಿಲ್ಲ. ಹೆಚ್ಚು ಆಳವಾಗಿ ಕಲಿಯುವ ಮೂರು ‘ಹೈಯರ್ ಲೆವೆಲ್’ ವಿಷಯಗಳಿಂದಲೇ 12 ಬರಬೇಕು. ಗರಿಷ್ಠ 4,000 ಪದಗಳ ದೀರ್ಘ ಪ್ರಬಂಧಕ್ಕೆ ಅತಿ ಕೆಳಗಿನ ‘ಇ’ ಶ್ರೇಣಿ ಸಿಕ್ಕರೆ, ಉಳಿದೆಲ್ಲ ಚೆನ್ನಾಗಿದ್ದರೂ ಡಿಪ್ಲೊಮಾ ಕೈತಪ್ಪುತ್ತದೆ.

ಪ್ರಬಂಧ ಕೆಡುವುದು ಪ್ರಶ್ನೆ ಸಡಿಲವಾದಾಗ. ‘ಬೆಂಗಳೂರಿನ ಕೆರೆಗಳ ಮಾಲಿನ್ಯ’ ಎಂದು ಹೊರಟರೆ ಬರೀ ಮಾಹಿತಿ ತುಂಬುತ್ತದೆ. ಬೆಳ್ಳಂದೂರು ಕೆರೆಗೆ ಬರುವ ನೀರಿಗೂ ಹೊರಹೋಗುವ ನೀರಿಗೂ ಫಾಸ್ಫೇಟ್ ಪ್ರಮಾಣದಲ್ಲಿ ವ್ಯತ್ಯಾಸವೆಷ್ಟು ಎಂದು ಕೇಳಿದರೆ ಅಳೆಯಬಹುದು, ವಾದಿಸಬಹುದು. ಈ ಪ್ರಶ್ನೆ ಮೊದಲ ವರ್ಷದಲ್ಲೇ ಗಟ್ಟಿಯಾಗಲಿ. ಎರಡನೇ ವರ್ಷ ಪ್ರತಿ ವಿಷಯದ ಆಂತರಿಕ ಮೌಲ್ಯಮಾಪನದ ಕೆಲಸವೂ ಒಟ್ಟಿಗೇ ಮೇಲೆ ಬೀಳುತ್ತದೆ.

– ಐಬಿ ಶಿಕ್ಷಕರು, ಬೆಂಗಳೂರು