ಗಿಡ್ಡ ತೋಳಿನ ರವಿಕೆ, ಒಂದಿಷ್ಟು ಥ್ಯಾಂಕ್ಸ್

ಅಕ್ಕನ ಮದುವೆಗೆ ಗಿಡ್ಡ ತೋಳಿನ ರವಿಕೆ ಹಾಕಿಕೊಂಡಿದ್ದೆ. ತೋಳಿನ ಗುರುತುಗಳನ್ನು ನೋಡಿದವರು ನೋಡಿದರು. ಕೆಲವರು ಕೇಳಿದರು, ಜಾಸ್ತಿ ಜನ ಕೇಳಲಿಲ್ಲ. ಆಮೇಲೆ ಬಂದ ಮೆಸೇಜ್‌ಗಳಿಗೆಲ್ಲ ಬೇರೆ ಬೇರೆಯಾಗಿ ಉತ್ತರ ಕೊಡೋಕೆ ಆಗ್ತಿಲ್ಲ, ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ. ನನಗೆ ನಾನೇ ನೋವು ಮಾಡಿಕೊಳ್ಳುತ್ತಿದ್ದೆ ಅನ್ನೋದು ನಿಮಗೆ ಗೊತ್ತಿರೋದೇ, ಬಿಡಿ.

ರಜೆ ಹಾಕಿ ಆಸ್ಪತ್ರೆಗೆ ಜೊತೆಯಲ್ಲಿ ಬಂದ ಅಪ್ಪ, ಏನೂ ಕೇಳದೆ ನೋಟ್ಸ್ ಕಳಿಸಿದ ಕ್ಲಾಸಿನವರು, ಇಂಟರ್ನಲ್ಸ್ ಇನ್ನೊಮ್ಮೆ ಬರೆಯಲು ಬಿಟ್ಟ ಮೇಡಂ, ನಿಮಗೆಲ್ಲ ಥ್ಯಾಂಕ್ಸ್.

ಇನ್ನು ನನ್ನ ರೂಂಮೇಟ್. ಹೆಸರು ಹಾಕಿದರೆ ಒದೀತಾಳೆ.

ನೋವು ಮಾಡಿಕೊಳ್ಳುವ ತುಡಿತ ಜೋರಾಗಿದ್ದ ಆ ರಾತ್ರಿ ಅವಳು ಬುದ್ಧಿ ಹೇಳಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. 'ಇನ್ನು ಮೇಲೆ ಮಾಡ್ಕೊಳ್ಳಲ್ಲ ಅಂತ ಆಣೆ ಮಾಡು' ಅನ್ನಲಿಲ್ಲ, ಅದಕ್ಕಂತೂ ಎಷ್ಟು ಕೈ ಮುಗಿದರೂ ಸಾಲದು. ಮಾಗಡಿಯಿಂದ ಅವಳಮ್ಮ ಕಳಿಸಿದ್ದ ಅವರೆಕಾಳು ನೆನೆಹಾಕಿದ್ದಳು. ಪಾತ್ರೆ ತಂದು ನನ್ನ ಮುಂದಿಟ್ಟು, 'ಹಿದುಕು ಕಣೇ, ಬೆಳಗ್ಗೆ ಸಾರಿಗೆ ಬೇಕು' ಅಂದಳು. ಹೆಬ್ಬೆರಳು ತೋರುಬೆರಳಿನ ಮಧ್ಯೆ ಕಾಳು ಹಿಡಿದು ಒತ್ತಿದರೆ ಬೇಳೆ ಚಿಮ್ಮುತ್ತದೆ, ಸಿಪ್ಪೆ ಬೆರಳಿಗೇ ಅಂಟಿಕೊಳ್ಳುತ್ತದೆ. ನಾನು ಅಳುತ್ತಾ ಹಿದುಕಿದೆ, ಅವಳು ಮನೆ ಓನರ್ ಆಂಟಿಯನ್ನು ಬೈಯುತ್ತಾ ಹಿದುಕಿದಳು. ಒಂದು ಬೇಳೆ ಚಿಮ್ಮಿ ಅವಳ ಕನ್ನಡಕಕ್ಕೆ ಬಡಿದಾಗ ಇಬ್ಬರಿಗೂ ನಗು ಬಂತು. ಪಾತ್ರೆ ಖಾಲಿಯಾಗುವ ಹೊತ್ತಿಗೆ ಆ ತುಡಿತ ಇಳಿದಿತ್ತು. ಪೂರ್ತಿ ಹೋಗಿರಲಿಲ್ಲ, ಇಳಿದಿತ್ತು.

ಬೆಳಗ್ಗೆ ಎದ್ದವಳೇ, 'ಇದನ್ನ ನಾನೊಬ್ಬಳೇ ಹೊರೋಕಾಗಲ್ಲ, ಫೋನ್ ಮಾಡೋಣ' ಅಂತ 14416ಕ್ಕೆ ಡಯಲ್ ಮಾಡಿ ನನ್ನ ಕೈಗೆ ಕೊಟ್ಟಳು. ಟೆಲಿ ಮಾನಸ್, 2022ರಲ್ಲಿ ಶುರುವಾದ, ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗುಟ್ಟಾಗಿಟ್ಟುಕೊಂಡು ಒಬ್ಬಳೇ ನನ್ನನ್ನು ಕಾಯುತ್ತೇನೆ ಅಂತ ಅವಳು ಹೊರಟಿದ್ದರೆ ಇಬ್ಬರೂ ಮುಳುಗುತ್ತಿದ್ದೆವು.

ಆಮೇಲೆ ಸಿಕ್ಕ ಕೌನ್ಸೆಲರ್ ಹೇಳಿದ್ದೂ ಹೆಚ್ಚುಕಮ್ಮಿ ಅವರೆಕಾಳಿನ ಲೆಕ್ಕವೇ. ತುಡಿತ ಏರುತ್ತದೆ, ಒಂದು ಮಟ್ಟಕ್ಕೆ ಹೋಗುತ್ತದೆ, ಅದು ಹೇಳಿದಂತೆ ಕೇಳದಿದ್ದರೂ ಇಳಿಯುತ್ತದೆ. ಅಲ್ಲಿವರೆಗೆ ಕೈಗೊಂದು ಕೆಲಸ, ಪಕ್ಕದಲ್ಲಿ ಜನ ಇದ್ದರೆ ಒಳ್ಳೆಯದು. ಅವರು ಕಲಿಸಿದ್ದು ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ), ಇಂಥ ತುಡಿತ, ಭಾವನೆಗಳನ್ನು ನಿಭಾಯಿಸೋದು ಕಲಿಸುವ ಮಾತಿನ ಚಿಕಿತ್ಸೆ. ಅದನ್ನು ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನಹನ್ ತಾವೂ ಹರೆಯದಲ್ಲಿ ಹೀಗೇ ತಮಗೆ ನೋವು ಮಾಡಿಕೊಳ್ಳುತ್ತಿದ್ದರು ಅಂತ 2011ರಲ್ಲಿ ಎಲ್ಲರೆದುರು ಹೇಳಿಕೊಂಡರು. ಅದನ್ನು ಕೇಳಿದ ದಿನ ಮೊದಲ ಸಲ ನಾನೂ ಮುಂದೆ ಏನಾದರೂ ಆಗಬಹುದು ಅನ್ನಿಸಿತು.

ಅಮ್ಮಂಗೆ ಏನು ಹೇಳಲಿ ಗೊತ್ತಾಗ್ತಿಲ್ಲ. 'ನಾವೇನು ಕಮ್ಮಿ ಮಾಡಿದ್ವಿ ನಿಂಗೆ?' ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಏನೂ ಕಮ್ಮಿ ಮಾಡಿಲ್ಲಮ್ಮ. ಒಳಗಿನ ಗದ್ದಲ ನಿಲ್ಲಲಿ ಅಂತ ಮಾಡಿಕೊಂಡಿದ್ದು, ಅದು ನಿಲ್ಲಲೂ ಇಲ್ಲ, ನಿಂಗೆ ಹೇಳೋಕೆ ಬಾಯೂ ಬರಲಿಲ್ಲ.

ಸರಿ. ಎದ್ದು ಹೋಗಿ ಟೀ ಕುಡಿದು ಬಂದೆ.

ನಿಲ್ಲಿಸಿ ಎಷ್ಟು ದಿನ ಆಯ್ತು ಅಂತ ಮಾತ್ರ ಕೇಳಬೇಡಿ, ಎಣಿಸೋದು ಬಿಟ್ಟಿದ್ದೇನೆ. ಎಣಿಸಿದರೆ ನಡುವೆ ಒಮ್ಮೆ ಜಾರಿದಾಗ ಎಲ್ಲ ಸೊನ್ನೆ ಅನ್ನಿಸುತ್ತದೆ, ಕಲಿತದ್ದು ಎಲ್ಲೂ ಹೋಗಿರೋದಿಲ್ಲ ಅಲ್ವಾ. ಈಗಲೂ ಪರೀಕ್ಷೆ ಹತ್ತಿರ ಬಂದಾಗ ತುಡಿತ ಬರುವುದುಂಟು. ರೂಂಮೇಟ್ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ, ಅವಳಿಗೆ ಫೋನ್ ಮಾಡುತ್ತೇನೆ. ಅವಳದು ಕುಂಭಕರ್ಣನ ನಿದ್ದೆ. ಎತ್ತದಿದ್ದರೆ 14416.