‘ಪ್ರೈವೇಟ್’ ಅಂತ ದುಡ್ಡು ಕಟ್ಟಿಸಿಕೊಂಡು ಹದಿನಾರು ಜನರ ಗುಂಪಿಗೆ ಸೇರಿಸಿದ್ದರ ಬಗ್ಗೆ

ಹಾಸನ
10 ಜೂನ್ 2025

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ

ವಿಷಯ: 24 ಮೇ 2025ರ ಶನಿವಾರ ಚೆಕ್ ದೇಶದ ಪ್ರಾಗ್ ನಗರದಲ್ಲಿ ನಡೆದ ನಾಲ್ಕು ಗಂಟೆಯ ಪ್ರೈವೇಟ್ ವಾಕಿಂಗ್ ಟೂರ್ ಬಗ್ಗೆ ದೂರು, 24,000 ರೂಪಾಯಿ ವಾಪಸ್ ಕೊಡಲು ಕೋರಿಕೆ.

ಮಾನ್ಯರೇ,

ಹೋದ ವಾರ ನಿಮ್ಮ ಆಫೀಸಿಗೆ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಸಿಕ್ಕವರು ‘ಎಲ್ಲಾ ಬರೆದು ಕಳಿಸಿ ಮೇಡಂ, ಮೇಲಿನವರಿಗೆ ತೋರಿಸ್ತೀವಿ’ ಅಂದರು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಮೊದಲು ನಾವು ಏನು ಕೊಂಡೆವು ಅಂತ ಹೇಳಿಬಿಡುತ್ತೇನೆ. ನಾವು ಐದು ಜನ. ಅಪ್ಪ, ಅಮ್ಮ, ನಾವಿಬ್ಬರು, ಹನ್ನೊಂದು ವರ್ಷದ ಮಗಳು. ಪ್ರಾಗ್‌ನಲ್ಲಿ ಎರಡು ರಾತ್ರಿ, ಆಮೇಲೆ ವಿಯೆನ್ನಾ. ಪ್ರಾಗ್‌ನ ಟೂರ್‌ಗೆ ಅಂತಲೇ ಬೇರೆಯಾಗಿ 36,000 ರೂಪಾಯಿ ಕಟ್ಟಿದ್ದೇವೆ. ನೀವು ಕೊಟ್ಟ ವೋಚರಿನಲ್ಲಿ ಹೀಗಿದೆ: ನಿಮ್ಮ ಕುಟುಂಬಕ್ಕೆ ಮಾತ್ರ ಒಬ್ಬ ಇಂಗ್ಲಿಷ್ ಗೈಡ್, ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ. ಹಳೇ ಪೇಟೆಯ ಚೌಕ, ಯಹೂದಿಗಳ ಬಡಾವಣೆ ಯೋಸೆಫೋವ್ (ಒಳಗಿನ ಟಿಕೆಟ್ ಸೇರಿ), ಚಾರ್ಲ್ಸ್ ಸೇತುವೆ, ಕೋಟೆ.

ಗುಂಪಿನ ಟೂರ್ ಇದಕ್ಕಿಂತ ಎಷ್ಟೋ ಅಗ್ಗ ಅಂತ ನನಗೆ ಗೊತ್ತಿತ್ತು. ಆದರೂ ಪ್ರೈವೇಟ್ ಕೇಳಿದ್ದಕ್ಕೆ ಎರಡು ಕಾರಣ, ಎರಡೂ ಅಪ್ಪನದೇ. ಅವರಿಗೆ 74 ವರ್ಷ, ಎರಡು ವರ್ಷದ ಹಿಂದೆ ಬಲ ಮಂಡಿಯ ಆಪರೇಷನ್ ಆಗಿದೆ. ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಜಾಸ್ತಿ ಆಗಲ್ಲ. ಇನ್ನೊಂದು, ಅವರು ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟ ಮೇಷ್ಟ್ರು. ಪ್ರತಿ ವರ್ಷ ಬೋರ್ಡಿನ ಮೇಲೆ ದೀರ್ಘವೃತ್ತ ಬರೆದು, ಗ್ರಹಗಳು ಸೂರ್ಯನ ಸುತ್ತ ಹೇಗೆ ಸುತ್ತುತ್ತವೆ ಅನ್ನುವ ಕೆಪ್ಲರನ ನಿಯಮ ವಿವರಿಸಿದವರು. ಆ ಕೆಪ್ಲರ್ 1600ರಲ್ಲಿ ಖಗೋಳ ವಿಜ್ಞಾನಿ ಟೈಕೋ ಬ್ರಾಹೆಯ ಸಹಾಯಕನಾಗಿ ಬಂದು ಸೇರಿದ್ದು ಇದೇ ಪ್ರಾಗ್‌ಗೆ. ಮರುವರ್ಷ ಟೈಕೋ ತೀರಿಕೊಂಡ. ಟೆಲಿಸ್ಕೋಪೇ ಇಲ್ಲದ ಕಾಲದಲ್ಲಿ ಬರಿಗಣ್ಣಲ್ಲಿ ಅವನು ಅಳೆದಿಟ್ಟಿದ್ದ ಮಂಗಳ ಗ್ರಹದ ಲೆಕ್ಕಗಳನ್ನು ಹಿಡಿದುಕೊಂಡು ಕೂತು, ಕೆಪ್ಲರ್ ಮೊದಲ ಎರಡು ನಿಯಮಗಳನ್ನು 1609ರಲ್ಲಿ ಪ್ರಕಟಿಸಿದ. ಟೈಕೋನ ಸಮಾಧಿ ಇರುವುದು ಹಳೇ ಪೇಟೆಯ ಟೀನ್ ಚರ್ಚಿನೊಳಗೆ. ಅಪ್ಪನಿಗೆ ಯುರೋಪಿನಲ್ಲಿ ಬೇಕಾಗಿದ್ದು ಅದೊಂದೇ. ಐಫೆಲ್ ಟವರ್ ಬಗ್ಗೆ ಒಂದು ದಿನವೂ ಕೇಳಿದವರಲ್ಲ.

ಈ ಎರಡೂ ವಿಷಯ ಏಪ್ರಿಲ್‌ನಲ್ಲೇ ನಿಮಗೆ ಇಮೇಲ್ ಮಾಡಿದ್ದೆ. ‘ಖಂಡಿತ ಮೇಡಂ, ಗೈಡ್‌ಗೆ ತಿಳಿಸಿದ್ದೇವೆ’ ಅಂತ ನಿಮ್ಮಿಂದ ಉತ್ತರವೂ ಬಂದಿದೆ. ಅದರ ಪ್ರತಿ ಇದರ ಜೊತೆಗಿದೆ.

ಈಗ ಆ ದಿನದ ಕಥೆ.

ಪೌಡರ್ ಟವರ್ ಕೆಳಗೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ನಿಂತಿದ್ದೆವು. ಗೈಡ್ ಬಂದಿದ್ದು 10:35ಕ್ಕೆ, ಜೊತೆಯಲ್ಲಿ ಹನ್ನೊಂದು ಜನ! ಪುಣೆ ಕಡೆಯ ಎರಡು ಕುಟುಂಬ. ನಾವು ಬೇರೆ ಯಾರದೋ ಗುಂಪು ಅಂದುಕೊಂಡು ಸುಮ್ನೆ ನಿಂತಿದ್ದೆವು. ಆ ಹುಡುಗನೇ ಬಂದು ನನ್ನ ಹೆಸರು ಕೇಳಿ, ಚೀಟಿಯಲ್ಲಿ ಟಿಕ್ ಹಾಕಿ, ‘ಸರಿ, ಹದಿನಾರು ಆಯಿತು, ಹೊರಡೋಣ’ ಅಂದ. ವೋಚರ್ ತೋರಿಸಿದೆ. ಅವನು ತನ್ನ ಚೀಟಿ ತೋರಿಸಿದ. ಅದರಲ್ಲಿ ‘ಪ್ರೈವೇಟ್’ ಅನ್ನೋ ಮಾತೇ ಇರಲಿಲ್ಲ. ಮಂಡಿ, ಟೀನ್ ಚರ್ಚು ಯಾವುದೂ ಇರಲಿಲ್ಲ. ಹಿಂದಿನ ರಾತ್ರಿ ಒಂಬತ್ತಕ್ಕೆ ತನಗೆ ಮೆಸೇಜ್ ಬಂತು ಅಂದ. ಪುಣೆಯವರನ್ನು ಕೇಳಿದೆ, ಎಷ್ಟು ಕೊಟ್ರಿ ಅಂತ. ತಲೆಗೆ 25 ಯುರೋ, ಗ್ರೂಪ್ ಟೂರ್ ಅಂತಲೇ ಬುಕ್ ಮಾಡಿದ್ದು ಅಂದರು.

ನಿಮ್ಮ ತುರ್ತು ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಎರಡು ಸಲ ರಿಂಗ್ ಆಗಿ ಕಟ್ ಆಯಿತು. ಅಲ್ಲೇ ಜಗಳ ಆಡುತ್ತಾ ನಿಂತರೆ ಇರೋ ಟೈಮೂ ಹೋಗುತ್ತೆ ಅಂತ ಹೊರಟೆವು.

11 ಗಂಟೆಗೆ ಹಳೇ ಪೇಟೆಯ ಗಡಿಯಾರದ ಮುಂದೆ ಇದ್ದೆವು. 1410ರದ್ದು, ಖಗೋಳ ಗಡಿಯಾರ. ಗಂಟೆಗೊಮ್ಮೆ ಅಸ್ಥಿಪಂಜರ ಗಂಟೆ ಬಾರಿಸುತ್ತೆ, ಕಿಟಕಿಯಲ್ಲಿ ಯೇಸುವಿನ ಹನ್ನೆರಡು ಶಿಷ್ಯರ ಬೊಂಬೆಗಳು ಹಾದುಹೋಗುತ್ತವೆ, ಕೊನೆಗೆ ಕೋಳಿ ಕೂಗುತ್ತೆ. ಗೈಡ್ ಛತ್ರಿ ಎತ್ತಿ ಹಿಡಿದು ಏನೋ ಕೂಗಿ ಹೇಳುತ್ತಿದ್ದ. ಹದಿನಾರು ಜನಕ್ಕೆ ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನೂ ಇಲ್ಲ, ಸುತ್ತಲೂ ನೂರಾರು ಜನರ ಗದ್ದಲ. ಹಿಂದೆ ನಿಂತಿದ್ದ ನಮಗೆ ಒಂದಕ್ಷರ ಕೇಳಲಿಲ್ಲ. ಕೊನೆಗೆ ಅಪ್ಪನೇ ಮೊಮ್ಮಗಳಿಗೆ ಪಾಠ ಶುರು ಮಾಡಿದರು. ‘ಆ ಸಣ್ಣ ಉಂಗುರ ನೋಡು, ಅದರಲ್ಲಿ ಹನ್ನೆರಡು ರಾಶಿ. ಚಿನ್ನದ ಸೂರ್ಯ ಎಲ್ಲಿದ್ದಾನೆ? ಮಿಥುನ. ಮನೆ ಪಂಚಾಂಗದಲ್ಲಿ ಇವತ್ತು ಅವನು ಇನ್ನೂ ವೃಷಭದಲ್ಲೇ ಇದಾನೆ. ಯಾಕೆ ಹೇಳು?’ ಅಂತ ಅಯನಾಂಶದ, ಅಂದರೆ ಅವರ ರಾಶಿಚಕ್ರಕ್ಕೂ ನಮ್ಮ ಪಂಚಾಂಗದ್ದಕ್ಕೂ ಇರುವ ವ್ಯತ್ಯಾಸದ, 24 ಡಿಗ್ರಿ ಲೆಕ್ಕ ಹೇಳಿದರು. ಪುಣೆಯ ಇಬ್ಬರು ಹುಡುಗರೂ ಬಂದು ಕೇಳಿಸಿಕೊಂಡರು. ದುಡ್ಡು ನಿಮಗೆ, ಪಾಠ ನಮ್ಮಪ್ಪನದು!

ಟೀನ್ ಚರ್ಚಿನ ಎರಡು ಕಪ್ಪು ಗೋಪುರ ಎದುರಿಗೇ ಕಾಣುತ್ತಿದ್ದವು. ಅಪ್ಪ ಗೈಡ್ ಹತ್ತಿರ ಹೋಗಿ ಟೈಕೋ ಸಮಾಧಿ ಕೇಳಿದರು. ಅವನು ವಾಚ್ ನೋಡಿಕೊಂಡು ‘ಆಮೇಲೆ’ ಅಂದ.

ಅಲ್ಲಿಂದ ಯೋಸೆಫೋವ್. ನೀವೇ ಟಿಕೆಟ್ ಸೇರಿಸಿ ದುಡ್ಡು ತೆಗೆದುಕೊಂಡಿದ್ದ ಜಾಗ. ಪಿಂಕಾಸ್ ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರ) ಗೋಡೆಗಳ ಮೇಲೆ ನಾಜಿಗಳು ಕೊಂದ ಸುಮಾರು 80,000 ಯಹೂದಿಗಳ ಹೆಸರು ಬರೆದಿದ್ದಾರೆ. ಪಕ್ಕದ ಹಳೇ ಸ್ಮಶಾನದಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಪದರವಾಗಿ ಹೂಳಿದ್ದಾರೆ, ಕಲ್ಲುಗಳೆಲ್ಲ ಒಂದಕ್ಕೊಂದು ಒರಗಿ ನಿಂತಿವೆ. ಇದೆಲ್ಲ ನಾವು ಊರಿನಲ್ಲೇ ಓದಿಕೊಂಡು ಹೋಗಿದ್ದೆವು. ಅಲ್ಲಿ ನೋಡಿದ್ದು ಮುಚ್ಚಿದ ಬಾಗಿಲು. ಯಾಕೆಂದರೆ ಅವತ್ತು ಶನಿವಾರ. ಯಹೂದಿಗಳಿಗೆ ಶನಿವಾರ ಸಬ್ಬತ್, ವಾರದ ವಿಶ್ರಾಂತಿಯ ದಿನ. ಅಲ್ಲಿಯ ಸಿನಗಾಗ್, ಸ್ಮಶಾನ ಯಾವುದಕ್ಕೂ ಆವತ್ತು ಪ್ರವಾಸಿಗಳನ್ನು ಬಿಡಲ್ಲ. ಇದು ಆ ಒಂದು ಶನಿವಾರದ ಮಾತಲ್ಲ, ಪ್ರತಿ ಶನಿವಾರವೂ ಹಾಗೇ. ನನ್ನಂಥವಳಿಗೆ ಗೊತ್ತಿಲ್ಲದೆ ಇರಬಹುದು. ಇದನ್ನೇ ಮಾರಿ ಹೊಟ್ಟೆ ಹೊರೆಯುವ ನಿಮಗೂ ಗೊತ್ತಿಲ್ವಾ? ತಾರೀಕು ಆರಿಸಿ ಕೊಟ್ಟವರೂ ನೀವೇ.

ಅಲ್ಲಿ ಉಳಿದ ಟೈಮನ್ನು ಏನು ಮಾಡಿದ ಅಂದರೆ, ಒಂದು ಕ್ರಿಸ್ಟಲ್ ಅಂಗಡಿಗೆ ಕರೆದುಕೊಂಡು ಹೋದ. ಐವತ್ತು ನಿಮಿಷ. ಪುಣೆಯವರಿಗೆ ಅದು ಬೇಕಿತ್ತು, ಅವರ ತಪ್ಪಲ್ಲ. ನಾವು ಹೊರಗೆ ಕಲ್ಲುಹಾಸಿನ ಬೀದಿಯಲ್ಲಿ ನಿಂತಿದ್ದೆವು. ಅಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂರಲು ಹೋದರೆ ಒಳಗಿನವರು ಬಂದು ಎಬ್ಬಿಸಿದರು.

ಪಕ್ಕದಲ್ಲೇ ದುಡ್ಡು ಬದಲಾಯಿಸುವ ಒಂದು ಗೂಡು. ‘ಇಲ್ಲಿ ಕಮಿಷನ್ ಇಲ್ಲ’ ಅಂತ ಗೈಡ್ ಹೇಳಿದ್ದಕ್ಕೆ ನನ್ನ ಗಂಡ 100 ಯುರೋ ಕೊಟ್ಟರು. ಸಿಕ್ಕಿದ್ದು ಅಲ್ಲಿಯ ದುಡ್ಡಿನಲ್ಲಿ 2,050 ಕೊರುನಾ. ಅವತ್ತಿನ ದರಕ್ಕೆ 2,450ರ ಮೇಲೆ ಬರಬೇಕಿತ್ತು. ಚೆಕ್ ದೇಶದಲ್ಲಿ 2019ರಿಂದ ಒಂದು ಕಾನೂನಿದೆಯಂತೆ. ರಸೀದಿ ಹಿಡಿದು ಮೂರು ಗಂಟೆಯೊಳಗೆ ವಾಪಸ್ ಹೋದರೆ ಅವರು ನಿಮ್ಮ ಯುರೋ ನಿಮಗೇ ಕೊಡಬೇಕು. ಹೋಟೆಲಿನವರು ಹೇಳಿದ್ದು ರಾತ್ರಿ ಎಂಟಕ್ಕೆ. ಈ ದುಡ್ಡನ್ನು ನಾನು ನಿಮ್ಮ ಹತ್ತಿರ ಕೇಳುತ್ತಿಲ್ಲ. ಎಣಿಸದೆ ಜೇಬಿಗೆ ಹಾಕಿಕೊಂಡಿದ್ದು ನಮ್ಮ ದಡ್ಡತನ. ಆದರೆ ನಿಮ್ಮ ಗೈಡ್‌ಗಳು ಜನರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾರೆ ಅಂತ ನಿಮಗೆ ಗೊತ್ತಿರಲಿ.

ಚೌಕಕ್ಕೆ ವಾಪಸ್ ಬಂದಾಗ ಒಂದು ಗಂಟೆ ಐದು ನಿಮಿಷ. ಟೀನ್ ಚರ್ಚಿನ ಬಾಗಿಲು ಒಂದಕ್ಕೇ ಹಾಕಿತ್ತು. ಮತ್ತೆ ತೆರೆಯುವುದು ಮೂರಕ್ಕೆ ಅಂತ ಬೋರ್ಡು. ಅಪ್ಪ ಏನೂ ಹೇಳಲಿಲ್ಲ. ಬೋರ್ಡನ್ನು ಎರಡು ಸಲ ಓದಿದರು.

ಕಾರ್ಲೊವಾ ಬೀದಿಯಲ್ಲಿ ಕೆಪ್ಲರ್ ಬಾಳಿದ ಮನೆ ಇದೆ. ನಾವು ಅದರ ಮುಂದೆಯೇ ನಡೆದು ಹೋಗಿದ್ದೇವೆ ಅಂತ ಗೊತ್ತಾಗಿದ್ದು ರಾತ್ರಿ ಮ್ಯಾಪ್ ನೋಡಿದಾಗ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಸೇತುವೆಯ ಮೇಲೆ ಜನ ಚದುರಿದಾಗ ಆ ಹುಡುಗ ಅಪ್ಪನ ಪಕ್ಕದಲ್ಲಿ ಹತ್ತು ನಿಮಿಷ ನಡೆದ. ಸೇತುವೆಗೆ ಅಡಿಗಲ್ಲು ಹಾಕಿದ ಮುಹೂರ್ತದ ಕಥೆ ಹೇಳಿದ. 1357ನೇ ಇಸವಿ, 9ನೇ ತಾರೀಕು, 7ನೇ ತಿಂಗಳು, ಬೆಳಿಗ್ಗೆ 5:31. ಸಾಲಾಗಿ ಬರೆದರೆ 1 3 5 7 9 7 5 3 1. ಎಡದಿಂದ ಓದಿದರೂ ಅಷ್ಟೇ, ಬಲದಿಂದ ಓದಿದರೂ ಅಷ್ಟೇ. ರಾಜ ನಾಲ್ಕನೇ ಚಾರ್ಲ್ಸ್‌ಗೆ ಜ್ಯೋತಿಷಿಗಳು ಇಟ್ಟುಕೊಟ್ಟ ಗಳಿಗೆ ಅನ್ನುತ್ತಾರಂತೆ. ಅಪ್ಪ ಅದನ್ನು ವೋಚರಿನ ಹಿಂದೆ ಬರೆದುಕೊಂಡರು. ಅವರು ನಕ್ಕಿದ್ದು ಅವತ್ತು ಅದೊಂದೇ ಸಲ. ನಾಲ್ಕು ಗಂಟೆ ಹೀಗೇ ಇರುತ್ತೆ ಅಂತಲೇ ನಾನು 36,000 ಕೊಟ್ಟಿದ್ದು. ಸಿಕ್ಕಿದ್ದು ಹತ್ತು ನಿಮಿಷ. ಆ ಹುಡುಗ ಓದುತ್ತಾ ಕೆಲಸ ಮಾಡುವವನು. ಅವನಿಗೆ ಅರ್ಧಂಬರ್ಧ ಚೀಟಿ ಕೊಟ್ಟು ಕಳಿಸಿದ್ದು ನೀವು, ಇಲ್ಲಾ ನಿಮ್ಮ ಅಲ್ಲಿಯ ಏಜೆಂಟರು. ದಯವಿಟ್ಟು ಈ ಪತ್ರ ಇಟ್ಟುಕೊಂಡು ಅವನ ಕೆಲಸಕ್ಕೆ ಕಲ್ಲು ಹಾಕಬೇಡಿ.

ಎರಡು ಗಂಟೆ ಹೊಡೆಯಿತು. ಸೇತುವೆಯ ಆಚೆ ಗೋಪುರದ ಕೆಳಗೆ ನಿಂತು, ‘ಟೈಮ್ ಮುಗೀತು, ಕೋಟೆ ಅಲ್ಲಿ ಮೇಲೆ, ಮೆಟ್ಟಿಲು ಹತ್ತಿ ನೇರ ಹೋಗಿ’ ಅಂದ. ತಡವಾಗಿ ಬಂದ 35 ನಿಮಿಷ ಯಾರ ಲೆಕ್ಕಕ್ಕೆ? ಮಂಡಿ ಆಪರೇಷನ್ ಆದವರಿಗೆ ಮೆಟ್ಟಿಲು ತೋರಿಸುವ ಬದಲು 22ನೇ ನಂಬರ್ ಟ್ರ್ಯಾಮ್ ಹತ್ತಿಸಿದ್ದರೆ ಅದು ಕೋಟೆಯ ಬಾಗಿಲ ಹತ್ತಿರವೇ ಇಳಿಸುತ್ತಿತ್ತು. ಅದೇ ಟ್ರ್ಯಾಮಿನಲ್ಲಿ ಇನ್ನೂ ಮುಂದೆ ಪೊಹೊರ್ಜೆಲೆಟ್ಸ್‌ವರೆಗೆ ಹೋದರೆ ಟೈಕೋ ಮತ್ತು ಕೆಪ್ಲರ್ ಜೊತೆಯಾಗಿ ನಿಂತ ಪ್ರತಿಮೆಯೂ ಇದೆ. ಮೇಲಿಂದ ಶುರುಮಾಡಿ ಇಳಿಜಾರಿನಲ್ಲಿ ನಡೆದು ಬಂದಿದ್ದರೆ ಅಪ್ಪನಿಗೆ ಎಲ್ಲವೂ ಸಿಗುತ್ತಿತ್ತು. ನಾನು ಕಳಿಸಿದ ಇಮೇಲನ್ನು ಯಾರಾದರೂ ಒಬ್ಬರು ಐದು ನಿಮಿಷ ಓದಿದ್ದರೆ ಸಾಕಿತ್ತು.

ಕೋಟೆ ಬಿಟ್ಟೆವು. ಮರುದಿನ ಬೆಳಿಗ್ಗೆಯೇ ವಿಯೆನ್ನಾ ರೈಲು. ಅಮ್ಮ, ನನ್ನವರು, ಮಗಳು ನದಿ ಹತ್ತಿರ ಕೂತರು. ನಾನು ಅಪ್ಪನ ಕೈ ಹಿಡಿದುಕೊಂಡು ಟೀನ್ ಚರ್ಚಿಗೆ ವಾಪಸ್ ನಡೆದೆ. ಆ ಚರ್ಚಿಗೆ ಚೌಕದಿಂದ ನೇರ ಬಾಗಿಲಿಲ್ಲ. ಮುಂದೆ ಮನೆಗಳ ಸಾಲು ಅಡ್ಡ ನಿಂತಿದೆ. ಅದರ ಕಮಾನಿನೊಳಗೆ ನುಗ್ಗಿ ಒಂದು ಸಣ್ಣ ಓಣಿಯಲ್ಲಿ ಹೋಗಬೇಕು. ದಾರಿ ಕೇಳಿಕೊಂಡು ಹೋದಾಗ ಮೂರೂಕಾಲು. ಒಳಗೆ ಮುಂದಿನ ಪೀಠದ ಹತ್ತಿರ, ಬಲಗಡೆಯ ಕಂಬಕ್ಕೆ ಒರಗಿಸಿದ ಕೆಂಪು ಕಲ್ಲಿನ ಹಲಗೆ. ಅದರಲ್ಲಿ ಕವಚ ತೊಟ್ಟ ಆಳೆತ್ತರದ ಟೈಕೋ. ಅಪ್ಪ ಚಪ್ಪಲಿ ಬಿಡಲು ಬಗ್ಗಿದರು. ‘ಇಲ್ಲಿ ಬಿಡೋದು ಬೇಡ ಅಪ್ಪ’ ಅಂದೆ. ‘ಮೂಗು ನೋಡಮ್ಮ’ ಅಂದರು. 1566ರಲ್ಲಿ ಕತ್ತಿ ಕಾಳಗದಲ್ಲಿ ಮೂಗು ಹೋಗಿ, ಲೋಹದ ಮೂಗು ಅಂಟಿಸಿಕೊಂಡಿದ್ದನಂತೆ. ಬೆಳ್ಳಿಯದು ಅಂತ ಅಪ್ಪ ಕ್ಲಾಸಿನಲ್ಲಿ ಹೇಳುತ್ತಿದ್ದರು. 2010ರಲ್ಲಿ ಸಮಾಧಿ ತೆಗೆದು ಪರೀಕ್ಷೆ ಮಾಡಿದಾಗ ಅದು ಹಿತ್ತಾಳೆಯದು ಅಂತ ಗೊತ್ತಾಯಿತು. ‘ಇಷ್ಟು ವರ್ಷ ಹುಡುಗರಿಗೆ ತಪ್ಪು ಹೇಳಿದೆ’ ಅಂತ ಅಲ್ಲೇ ಬೆಂಚಿನ ಮೇಲೆ ಕೂತರು. ಅರ್ಧ ಗಂಟೆ ಏಳಲಿಲ್ಲ. ಅವತ್ತು ರಾತ್ರಿ ಮಂಡಿ ಊದಿಕೊಂಡಿತ್ತು. ವಿಯೆನ್ನಾದ ಮೊದಲ ದಿನ ಪೂರ್ತಿ ಹೋಟೆಲ್ ರೂಮಿನಲ್ಲೇ ಕಳೆದರು.

ಅಂದರೆ, ಅಪ್ಪ ನೋಡಬೇಕಾಗಿದ್ದನ್ನು ನೋಡಿದರು. ನೀವು ತೋರಿಸಿದ್ದಲ್ಲ.

ವಾಪಸ್ ಬಂದ ಮೇಲೆ ನಿಮ್ಮ ಆಫೀಸಿನವರು ಮೊದಲು ‘ಅಲ್ಲಿಯ ಏಜೆಂಟರ ತಪ್ಪು’ ಅಂದರು. ನಾನು ದುಡ್ಡು ಕಟ್ಟಿದ್ದು ನಿಮಗೆ, ರಸೀದಿ ನಿಮ್ಮದು. ಏಜೆಂಟರ ಮುಖವನ್ನೇ ನಾನು ನೋಡಿಲ್ಲ. ಆಮೇಲೆ ಮುಂದಿನ ಪ್ರವಾಸಕ್ಕೆ ಹತ್ತು ಪರ್ಸೆಂಟ್ ಕೂಪನ್ ಕೊಡುತ್ತೇವೆ ಅಂದರು. ಕೂಪನ್ ಬೇಡ.

ನನ್ನ ಲೆಕ್ಕ ಸರಳ. ನಮಗೆ ಸಿಕ್ಕಿದ್ದು ಗ್ರೂಪ್ ಟೂರ್. ಅದರ ಬೆಲೆ ಐದು ಜನಕ್ಕೆ 125 ಯುರೋ, ಹತ್ತಿರ ಹತ್ತಿರ 12,000 ರೂಪಾಯಿ. ಅದನ್ನು ನೀವು ಇಟ್ಟುಕೊಳ್ಳಿ. ಉಳಿದ 24,000 ರೂಪಾಯಿ ವಾಪಸ್ ಕೊಡಿ. ಬಳಸದೇ ಉಳಿದ ಯೋಸೆಫೋವ್ ಟಿಕೆಟ್ಟಿನ ದುಡ್ಡೂ ಇದರಲ್ಲೇ ಸೇರಿದೆ, ಬೇರೆ ಕೇಳುತ್ತಿಲ್ಲ. ನಾನು ದುಡ್ಡು ಕಳಿಸಿದ ಖಾತೆಗೇ ಹಾಕಿದರೆ ಸಾಕು.

ಈ ಪತ್ರ ತಲುಪಿದ ಹದಿನೈದು ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವಿರುವ ಊರಿನಲ್ಲೇ ಕೇಸ್ ಹಾಕಬಹುದು. ನಾನು ಬೆಂಗಳೂರಿಗೆ ಬರಬೇಕಾಗಿಲ್ಲ, ನಿಮ್ಮವರು ಹಾಸನಕ್ಕೆ ಬರಬೇಕಾಗುತ್ತದೆ. ಐದು ಲಕ್ಷದೊಳಗಿನ ದೂರಿಗೆ ಶುಲ್ಕವೂ ಇಲ್ಲ.

ಇನ್ನೊಂದು. ಮೊನ್ನೆ ನಿಮ್ಮ ವೆಬ್‌ಸೈಟ್ ನೋಡಿದೆ. ಇದೇ ಟೂರ್, ‘ಯೋಸೆಫೋವ್ ಒಳಗೆ ಪ್ರವೇಶ ಸೇರಿ’ ಅಂತ, ಜುಲೈ ತಿಂಗಳ ನಾಲ್ಕೂ ಶನಿವಾರಕ್ಕೆ ಬುಕಿಂಗ್ ತೆಗೆದುಕೊಳ್ಳುತ್ತಿದ್ದೀರಿ. ಅದನ್ನು ಇವತ್ತೇ ತೆಗೆಯಿರಿ. ಈಗಾಗಲೇ ದುಡ್ಡು ಕಟ್ಟಿದವರಿಗೆ ಫೋನ್ ಮಾಡಿ ಹೇಳಿ.

ಲಗತ್ತು: ವೋಚರ್, ರಸೀದಿ, ಏಪ್ರಿಲ್ ತಿಂಗಳ ಇಮೇಲ್ ಪ್ರತಿ, ಹದಿನಾರು ಜನರ ಗುಂಪಿನ ಎರಡು ಫೋಟೊ. ವೋಚರಿನ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ಅಂಕಿಗಳು ಅಪ್ಪನವು. ಅದಕ್ಕೇ ಜೆರಾಕ್ಸ್ ಕಳಿಸಿದ್ದೇನೆ, ಒರಿಜಿನಲ್ ಕೊಡಲ್ಲ.

ಇಂತಿ,
ವೋಚರಿನಲ್ಲಿ ಹೆಸರಿರುವ ನಿಮ್ಮ ಗ್ರಾಹಕಿ