ಡಿಸ್ಕ್ ಗಾಲ್ಫ್: ಚೀಲ ತುಂಬಿಸುವ ಮೊದಲು ಪಟರ್ ಕೈಗೆ ಬರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯ ಆಟಗಳನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಬರಹದಲ್ಲಿ ಡಿಸ್ಕ್ ಗಾಲ್ಫ್‌ಗೂ ಒಂದಿಷ್ಟು ಜಾಗ ಸಿಕ್ಕಿದ್ದನ್ನು ಕಂಡು ಸಂತೋಷವಾಯಿತು. ಆದರೆ ಹೊಸಬರು ಅತಿ ವೇಗದ ಡ್ರೈವರ್ ಡಿಸ್ಕ್‌ಗಳಿರುವ ದೊಡ್ಡ ಸೆಟ್ಟನ್ನೇ ಕೊಂಡು ಆಟ ಶುರುಮಾಡಲಿ ಎಂಬ ಸಲಹೆಯೂ ಅದರಲ್ಲಿತ್ತು. ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾಗ ಈ ಆಟ ಕಲಿತು, ಅಲ್ಲಿನ ಊರುಮಟ್ಟದ ಟೂರ್ನಿಗಳಲ್ಲಿ ಮೊದಲು ನಲವತ್ತು ದಾಟಿದವರ, ಆಮೇಲೆ ಐವತ್ತು ದಾಟಿದವರ ಹವ್ಯಾಸಿ ವಿಭಾಗದಲ್ಲಿ ಹಲವು ವರ್ಷ ಸ್ಪರ್ಧಿಸಿ, ಈಗ ಬೆಂಗಳೂರಿಗೆ ಮರಳಿ ನೆಲೆಸಿರುವ ನನಗೆ ಈ ಸಲಹೆ ಹಣಕ್ಕೂ ದಂಡ, ಭುಜಕ್ಕೂ ದಂಡ ಎನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಕೋಲು-ಚೆಂಡಿನ ಬದಲು ಕೈಯಿಂದ ಎಸೆಯುವ ಪ್ಲಾಸ್ಟಿಕ್ ಡಿಸ್ಕ್, ನೆಲದ ಕುಳಿಯ ಬದಲು ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಸಾಮಾನ್ಯವಾಗಿ 18 ಬುಟ್ಟಿಗಳಿರುವ ಕೋರ್ಸನ್ನು ಅತಿ ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದಂತೆ. ದೂರದ ಎಸೆತಕ್ಕೆ ಡ್ರೈವರ್, ನಡುವಿನ ದೂರಕ್ಕೆ ಮಿಡ್‌ರೇಂಜ್, ಬುಟ್ಟಿಯ ಬಳಿಯಿಂದ ಅದರೊಳಗೆ ಹಾಕುವ ‘ಪಟ್’ ಎಸೆತಕ್ಕೆ ಪಟರ್ ಎಂಬ ಡಿಸ್ಕ್‌ಗಳಿವೆ. ಫ್ರಿಸ್ಬಿಗೆ ಇಂದಿನ ರೂಪ ಕೊಟ್ಟ ಎಡ್ ಹೆಡ್ರಿಕ್ ಅವರೇ ಸರಪಳಿ ಬುಟ್ಟಿಯನ್ನೂ ರೂಪಿಸಿದವರು. ಅವರು ಕ್ಯಾಲಿಫೋರ್ನಿಯಾದ ಓಕ್ ಗ್ರೋವ್‌ನಲ್ಲಿ 1975ರಲ್ಲಿ ಮೊದಲ ಕೋರ್ಸ್ ಮಾಡಿಸಿ, ಮರುವರ್ಷವೇ ವೃತ್ತಿಪರರ ಸಂಘವಾದ ಪಿಡಿಜಿಎ ಕಟ್ಟಿದರು. ಆಗಿನ್ನೂ ಎಲ್ಲರೂ ಎಸೆಯುತ್ತಿದ್ದದ್ದು ದುಂಡಂಚಿನ ಫ್ರಿಸ್ಬಿಯನ್ನೇ. 1983ರಲ್ಲಿ ಡೇವ್ ಡುನಿಪೇಸ್ ಅಂಚನ್ನು ಓರೆಯಾಗಿ ಚೂಪು ಮಾಡಿದ ಡಿಸ್ಕ್ ತಂದ ಮೇಲೆ ದೂರದ ಲೆಕ್ಕವೇ ಬದಲಾಯಿತು. ಇಂದು ಅಂಗಡಿಯವರು ಕಣ್ಣಿಗೆ ಕಟ್ಟುವಂತೆ ತೋರಿಸಿ ಮಾರುವುದು ಆ ದೂರವನ್ನೇ.

ಡಿಸ್ಕ್‌ನ ಗುಣವನ್ನು ತಿಳಿಸಲು ತಯಾರಕರು ನಾಲ್ಕು ಅಂಕಿಗಳನ್ನು ಕೊಡುತ್ತಾರೆ. ಮೊದಲನೆಯದು ಸ್ಪೀಡ್, ಎರಡನೆಯದು ಗಾಳಿಯಲ್ಲಿ ತೇಲುವ ಗುಣ, ಮೂರನೆಯದು ವೇಗವಿರುವಾಗ ಬಲಕ್ಕೆ ವಾಲುವ ಗುಣ, ಕೊನೆಯದು ವೇಗ ಇಳಿದ ಮೇಲೆ ಎಡಕ್ಕೆ ಬೀಳುವ ಗುಣ. ಬಲ-ಎಡ ಎಂಬುದು ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್ ಎಸೆಯುವವರ ಲೆಕ್ಕ. ಎಡಚರು ತಿರುವುಮುರುವಾಗಿ ಓದಿಕೊಳ್ಳಬೇಕು. ಇನ್ನೋವಾ ಕಂಪನಿಯ ಡೆಸ್ಟ್ರಾಯರ್ ಎಂಬ ಪ್ರಸಿದ್ಧ ಡ್ರೈವರ್‌ನ ಸ್ಪೀಡ್ 12, ಅದೇ ಕಂಪನಿಯ ಏವಿಯಾರ್ ಎಂಬ ಪಟರ್‌ನದು 2. ಈ 12 ಎಂಬುದು ಡಿಸ್ಕ್ ನಮಗೆ ಕೊಡುವ ವೇಗವಲ್ಲ, ನಮ್ಮ ತೋಳಿನಿಂದ ಅದು ಕೇಳುವ ವೇಗ. ಅಷ್ಟು ವೇಗ ಸಿಗದಿದ್ದರೆ ಎತ್ತುವ ಬಲ ಬೇಗನೆ ಡಿಸ್ಕ್‌ನ ಮುಂಭಾಗಕ್ಕೆ ಸರಿಯುತ್ತದೆ, ಗಿರಗಿರನೆ ತಿರುಗುವ ವಸ್ತುವಾದ್ದರಿಂದ ಅದು ಮೂತಿ ಎತ್ತುವ ಬದಲು ಎಡಕ್ಕೆ ವಾಲಿ ನೆಲ ಕಚ್ಚುತ್ತದೆ. ಐವತ್ತು ಅರವತ್ತು ಮೀಟರ್ ಎಸೆಯಬಲ್ಲ ಹೊಸಬರ ಕೈಯಲ್ಲಿ ಡೆಸ್ಟ್ರಾಯರ್‌ಗಿಂತ ಪಟರ್ ನೆಟ್ಟಗೆ ಹೋಗುತ್ತದೆ, ಎಷ್ಟೋ ವೇಳೆ ದೂರವೂ ಹೋಗುತ್ತದೆ. ಇದನ್ನು ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಎರಡನ್ನೂ ಕೈಗೆ ಕೊಟ್ಟು ಒಂದು ಸಂಜೆ ಎಸೆಸಬೇಕು.

ಇನ್ನು ನನ್ನ ಚೀಲದ ವಿಷಯ. ಅದರಲ್ಲಿರುವುದು ಎರಡು ಏವಿಯಾರ್, ರಾಕ್ ಎಂಬ ಮೂರು ಮಿಡ್‌ರೇಂಜ್, ಲೆಪರ್ಡ್ ಎಂಬ ಕಡಿಮೆ ಸ್ಪೀಡಿನ ಎರಡು ಡ್ರೈವರ್, ಜೊತೆಗೆ ಎದುರುಗಾಳಿಗೆಂದು ಸುಲಭವಾಗಿ ಮಗುಚದ ಒಂದು ಡ್ರೈವರ್. ಒಂದೇ ಮಾದರಿಯ ಮೂರು ಮಿಡ್‌ರೇಂಜ್ ಏಕೆಂದು ಕೇಳುವವರಿದ್ದಾರೆ. ದೋಸೆ ಕಾವಲಿ ಪಳಗುವ ಹಾಗೆ ಡಿಸ್ಕ್ ಕೂಡ ಬಳಕೆಯಿಂದ ಪಳಗುತ್ತದೆ: ಮರಕ್ಕೆ, ಕಲ್ಲಿಗೆ, ಸರಪಳಿಗೆ ಬಡಿದು ಅಂಚು ಸವೆದಂತೆ ಎಡಕ್ಕೆ ಬೀಳುವ ಹಟ ಕಡಿಮೆಯಾಗುತ್ತದೆ. ಹೊಸ ರಾಕ್ ಕೊನೆಯಲ್ಲಿ ಎಡಕ್ಕೆ ಹೊರಳುತ್ತದೆ, ಕೆಲಕಾಲ ಆಡಿದ್ದು ನೇರ ಹೋಗುತ್ತದೆ, ಅಂಚಿನಲ್ಲಿ ಬೆರಳಿಗೆ ಗೀರುಗಳು ತಡವುವಷ್ಟು ಹಳೆಯದು ಮೆಲ್ಲಗೆ ಬಲಕ್ಕೆ ತಿರುಗಿ ಮರದ ಹಿಂದಿನ ಬುಟ್ಟಿಯ ಬಳಿ ಹೋಗಿ ಕೂರುತ್ತದೆ. ಹಿಡಿತ ಒಂದೇ, ಕೈಯ ಚಲನೆ ಒಂದೇ, ದಾರಿ ಮಾತ್ರ ಮೂರು. ಇಪ್ಪತ್ತಕ್ಕೂ ಹೆಚ್ಚು ಡಿಸ್ಕ್ ಹೊರುವ ವೃತ್ತಿಪರರ ಚೀಲದಲ್ಲೂ ಹೀಗೆ ಬೇರೆ ಬೇರೆ ಸವೆತದ ಒಂದೇ ಮಾದರಿಯ ಡಿಸ್ಕ್‌ಗಳೇ ಬಹಳ. ಹಳತಾಯಿತೆಂದು ಡಿಸ್ಕ್ ಎಸೆದು ಹೊಸದು ಕೊಳ್ಳುವವರು ತಮ್ಮ ಅತ್ಯುತ್ತಮ ಸಲಕರಣೆಯನ್ನೇ ಕಸಕ್ಕೆ ಹಾಕುತ್ತಿದ್ದಾರೆ. ಹಾಗೆಂದು ಹೊಸ ಡಿಸ್ಕನ್ನು ಬೇಕೆಂದೇ ಉಜ್ಜಿ ತೆಳುಮಾಡುವಂತಿಲ್ಲ. ಅಚ್ಚಿನಲ್ಲಿ ಉಳಿದ ಮುಳ್ಳನ್ನು ಮಿತವಾಗಿ ಉಜ್ಜಬಹುದಷ್ಟೆ, ಸೀಳು ಬಿಟ್ಟ ಡಿಸ್ಕ್ ಸ್ಪರ್ಧೆಗೆ ನಿಷಿದ್ಧ.

ತೂಕದ ಬಗ್ಗೆಯೂ ಹೇಳಬೇಕು. ನಿಯಮದ ಪ್ರಕಾರ ಡಿಸ್ಕ್‌ನ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರುವಂತಿಲ್ಲ, 21.1 ಸೆಂ.ಮೀ. ಅಗಲದ ಡ್ರೈವರ್ 175 ಗ್ರಾಂಗೆ ನಿಲ್ಲುವುದು ಈ ಲೆಕ್ಕದಿಂದಲೇ. ಗರಿಷ್ಠ ತೂಕದ್ದನ್ನೇ ಕೊಳ್ಳುವುದು ಗಂಡಸುತನವೆಂಬ ಭಾವನೆ ತರುಣರಲ್ಲಿದೆ. ಐವತ್ತರ ನಂತರ ನಾನು ಡ್ರೈವರ್‌ಗಳನ್ನು 165 ಗ್ರಾಂ ಆಸುಪಾಸಿಗೆ ಇಳಿಸಿದೆ. ಅದೇ ಶ್ರಮಕ್ಕೆ ತುಸು ಹೆಚ್ಚು ವೇಗ ಸಿಕ್ಕಿತು, ಎರಡನೆಯ ಸುತ್ತಿನ ಹೊತ್ತಿಗೆ ಭುಜ ದೂರು ಹೇಳುವುದು ನಿಂತಿತು. ಹಗುರ ಡಿಸ್ಕನ್ನು ಎದುರುಗಾಳಿ ಸುಲಭವಾಗಿ ಮಗುಚುತ್ತದೆ ಎಂಬುದು ನಿಜ. ಪಟರ್‌ಗಳನ್ನು ಮಾತ್ರ ಭಾರದ್ದನ್ನೇ ಇಟ್ಟುಕೊಂಡದ್ದು ಅದಕ್ಕಾಗಿ.

ಬೆಂಗಳೂರಿನ ಮಟ್ಟಿಗೆ ಇನ್ನೊಂದು ವಿಶೇಷವಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ಗಾಳಿ ಕರಾವಳಿಯದಕ್ಕಿಂತ ಶೇ 8ರಿಂದ 10ರಷ್ಟು ತೆಳು. ತೆಳುಗಾಳಿಯಲ್ಲಿ ಡಿಸ್ಕ್‌ಗೆ ಎತ್ತುವ ಬಲ ಕಡಿಮೆ, ಬಲಕ್ಕೆ ವಾಲುವ ಗುಣವೂ ಕಡಿಮೆ. ಆದ್ದರಿಂದ ಮಂಗಳೂರಿನ ಕಡಲತೀರದಲ್ಲಿ ನೇರ ಹಾರುವ ಡಿಸ್ಕ್ ಇಲ್ಲಿ ಕೊಂಚ ಬೇಗನೆ ಎಡಕ್ಕೆ ಇಳಿಯುತ್ತದೆ. ವೇಗದ ಡ್ರೈವರ್‌ಗಳು ಹೊಸಬರಿಗೆ ಇಲ್ಲಿ ಇನ್ನಷ್ಟು ಒಗ್ಗದಿರುವುದಕ್ಕೆ ಇದೂ ಒಂದು ಕಾರಣ. ಆಷಾಢದ ಗಾಳಿ ಬೀಸತೊಡಗಿದರೆ ಲೆಕ್ಕ ಮತ್ತೆ ತಿರುಗುತ್ತದೆ: ಎದುರಿನಿಂದ ಬರುವ ಗಾಳಿ ಡಿಸ್ಕನ್ನು ಬಲಕ್ಕೆ ಮಗುಚುತ್ತದೆ, ಹಿಂದಿನಿಂದ ಬರುವುದು ಕೆಳಕ್ಕೆ ಒತ್ತುತ್ತದೆ. ಬಣ್ಣದ ಆಯ್ಕೆಯೂ ಇಲ್ಲಿ ಅಲಂಕಾರದ ಮಾತಲ್ಲ. ಖಾಲಿ ನಿವೇಶನಗಳ ಕಾಂಗ್ರೆಸ್ ಗಿಡದ ನಡುವೆ ಬಿದ್ದ ಹಸಿರು ಅಥವಾ ಬಿಳಿ ಡಿಸ್ಕ್ ಸಿಕ್ಕುವುದು ಅದೃಷ್ಟವಿದ್ದರೆ. ಮೇ ತಿಂಗಳಲ್ಲಿ ಗುಲ್‌ಮೊಹರ್ ಮರದಡಿ ಕೆಂಪು ಡಿಸ್ಕ್‌ನದೂ ಅದೇ ಪಾಡು. ನನ್ನವು ನೀಲಿ ಮತ್ತು ಕಡು ಗುಲಾಬಿ.

ಸ್ಪರ್ಧೆಯಲ್ಲಿ ಕಂಡದ್ದನ್ನು ಹೇಳದೆ ಈ ಮಾತುಗಳಿಗೆ ಆಧಾರವಿಲ್ಲ. ನಾನಾಡಿದ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಒಂದೇ ದಿನ ಎರಡು ಸುತ್ತು, ನಾಲ್ವರ ಗುಂಪು. ಅಂಪೈರ್ ಜೊತೆಗಿರುವುದಿಲ್ಲ, ಆಟಗಾರರೇ ನಿಯಮ ನೋಡಿಕೊಂಡು ಪರಸ್ಪರ ಅಂಕ ಬರೆದುಕೊಳ್ಳುತ್ತಾರೆ. ವಯಸ್ಸಾದವರು ಇಷ್ಟಪಟ್ಟರೆ ತಮಗಿಂತ ಕಿರಿಯರ ವಿಭಾಗದಲ್ಲೂ ಆಡಬಹುದು. ಹಾಗೆ ನಮ್ಮ ಗುಂಪಿಗೆ ಬಂದಿದ್ದ, ಎಪ್ಪತ್ತರ ಹತ್ತಿರದ ಹಿರಿಯರೊಬ್ಬರ ಕೈಯಲ್ಲಿ ಇದ್ದದ್ದು ನಾಲ್ಕೇ ಡಿಸ್ಕ್, ಹೆಗಲ ಮೇಲೆ ಒಂದು ಟವೆಲ್. ಮಳೆ ಹನಿಯುತ್ತಿತ್ತು. ಮರಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಉಳಿದಿಬ್ಬರು ಡ್ರೈವರ್ ಬೀಸಿ ಕಾಂಡಗಳಿಗೆ ಬಡಿಸಿ, ಪೊದೆಯೊಳಗಿಂದ ಮಂಡಿಯೂರಿ ಎಸೆಯುತ್ತಿದ್ದರೆ, ಈ ಹಿರಿಯರು ಪ್ರತಿ ಸಲವೂ ಡಿಸ್ಕ್‌ನ ಅಡಿಯನ್ನು ಟವೆಲಿನಿಂದ ಒರೆಸಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಜಾರುವುದಿಲ್ಲವೆಂದು ಖಾತ್ರಿಮಾಡಿಕೊಂಡು, ಮಿಡ್‌ರೇಂಜನ್ನು ದಾರಿಯ ಮಧ್ಯಕ್ಕೆ ಇಡುತ್ತಿದ್ದರು. ದೂರದಲ್ಲಿ ಅವರು ನಮಗೆಲ್ಲ ಹಿಂದೆ, ದಿನದ ಕೊನೆಯ ಅಂಕಪಟ್ಟಿಯಲ್ಲಿ ನಮಗೆಲ್ಲ ಮುಂದೆ.

ಅದಕ್ಕೆ ಕಾರಣ ಪಟ್. 18 ಬುಟ್ಟಿಗಳ ಸುತ್ತಿನಲ್ಲಿ ಡ್ರೈವರ್ ತೀರಾ ಅಗತ್ಯವೆನಿಸುವುದು ಕೆಲವೇ ಕಡೆ. ಪಟರ್ ಮಾತ್ರ ಬಹುಮಟ್ಟಿಗೆ ಪ್ರತಿ ಬುಟ್ಟಿಯಲ್ಲೂ ಕೈಗೆ ಬರುತ್ತದೆ, ಕೆಲವೆಡೆ ಎರಡೆರಡು ಬಾರಿ. ಬುಟ್ಟಿಯಿಂದ 10 ಮೀಟರ್ ಒಳಗೆ ನಿಂತು ಎಸೆದವರು ಡಿಸ್ಕ್ ಕೈಬಿಟ್ಟ ಮೇಲೆ ಸಮತೋಲ ಸಾಬೀತುಪಡಿಸದೆ ಮುಂದೆ ಕಾಲಿಡುವಂತಿಲ್ಲ. ಕಾಲು ನಡುಗುವ ಕೊನೆಯ ಸುತ್ತಿನಲ್ಲಿ ಆ 10 ಮೀಟರ್ ಎಷ್ಟು ದೂರವೆಂಬುದು ಸ್ಪರ್ಧಿಸಿದವರಿಗೇ ಗೊತ್ತು. ಪಟರ್ ಆರಿಸುವಾಗ ನುಣುಪಾದ ದುಬಾರಿ ಪ್ಲಾಸ್ಟಿಕ್‌ಗಿಂತ ಅಗ್ಗದ, ಒರಟಾದ ಪ್ಲಾಸ್ಟಿಕನ್ನೇ ನಾನು ಮೆಚ್ಚುತ್ತೇನೆ. ಅದು ಬೆವರುಗೈಗೂ ಹಿಡಿತ ಕೊಡುತ್ತದೆ, ಸರಪಳಿಗೂ ಕಚ್ಚಿಕೊಳ್ಳುತ್ತದೆ. ಇಡೀ ಆಟದಲ್ಲಿ ಅತಿ ಕಡಿಮೆ ಬೆಲೆಯ ಡಿಸ್ಕೇ ಅತಿ ಹೆಚ್ಚು ಎಸೆತಗಳನ್ನು ಉಳಿಸುತ್ತದೆ ಎಂಬುದು ಮಾರಾಟಗಾರರಿಗೆ ಅಷ್ಟಾಗಿ ರುಚಿಸದ ಸಂಗತಿ.

ತಮ್ಮ ಬರಹ ಕಬ್ಬನ್ ಪಾರ್ಕನ್ನು ಅಭ್ಯಾಸಕ್ಕೆ ಸೂಕ್ತ ಸ್ಥಳವೆಂದು ಹೇಳಿರುವುದನ್ನಂತೂ ಒಪ್ಪಲಾಗದು. ಡ್ರೈವರ್‌ನ ಅಂಚು ಗಟ್ಟಿ ಮತ್ತು ಚೂಪು. ಹಿಡಿದು ಆಡುವ ಫ್ರಿಸ್ಬಿಯಂತೆ ಅದನ್ನು ಎದುರಿಗೆ ನಿಂತು ಹಿಡಿಯುವಂತಿಲ್ಲ, ತಲೆಗೆ ತಗುಲಿದರೆ ರಕ್ತ ಬರುವುದು ಖಂಡಿತ. ಭಾನುವಾರ ಮಕ್ಕಳು, ವೃದ್ಧರು, ನಾಯಿಗಳು ತುಂಬಿರುವ ಜಾಗದಲ್ಲಿ ನೂರು ಮೀಟರ್ ಎಸೆಯುವ ಹುಮ್ಮಸ್ಸು ಯಾರಿಗೂ ಬೇಡ. ಶಾಲೆ-ಕಾಲೇಜುಗಳ ಆಟದ ಮೈದಾನವನ್ನು ಅನುಮತಿ ಪಡೆದು, ಬೆಳಗಿನ ಖಾಲಿ ಹೊತ್ತಿನಲ್ಲಿ ಬಳಸುವುದು ಮೇಲು. ಪಟ್ ಅಭ್ಯಾಸಕ್ಕಾದರೆ ಮನೆಯ ಮಹಡಿಯೇ ಸಾಕು. ಎಸ್.ಜೆ.ಪಿ. ರಸ್ತೆಯಲ್ಲಿ ಸರಪಳಿ ಕೊಂಡು, ಬಡಾವಣೆಯ ವೆಲ್ಡಿಂಗ್ ಅಂಗಡಿಯಲ್ಲಿ ಬುಟ್ಟಿ ಮಾಡಿಸಿ ನಾನು ನಮ್ಮ ಮಹಡಿಯಲ್ಲಿ ನಿಲ್ಲಿಸಿದ್ದೇನೆ. ಸರಪಳಿಯ ಸದ್ದಿಗೆ ಕೆಳಗಿನ ಮನೆಯವರು ಬೇಸರಪಟ್ಟುಕೊಂಡದ್ದರಿಂದ ರಾತ್ರಿ ಎಂಟರ ಮೇಲೆ ಆಡುವುದಿಲ್ಲ.

ಹಾಗಾಗಿ ಮುಂದೆ ಈ ಆಟದ ಬಗ್ಗೆ ಬರೆಯುವಾಗ, ಒಂದೇ ಮಾದರಿಯ ಎರಡು ಪಟರ್, ಒಂದು ಮಿಡ್‌ರೇಂಜ್, ಬೇಕೆನಿಸಿದರೆ ಲೆಪರ್ಡ್‌ನಂಥ ಸ್ಪೀಡ್ 6ರ ಒಂದು ಹಗುರ ಡ್ರೈವರ್ ಎಂಬ ಪಟ್ಟಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ಡಿಸ್ಕ್‌ಗಳ ಹಿಂಭಾಗದಲ್ಲಿ ಅಳಿಸದ ಶಾಯಿಯಿಂದ ಹೆಸರು ಬರೆದಿಡಲು ಓದುಗರಿಗೆ ತಿಳಿಸಿ. ಸ್ಪರ್ಧೆಯಲ್ಲಿ ಅಂಥ ಗುರುತು ಕಡ್ಡಾಯ. ಇಲ್ಲಿ ಪಕ್ಕದ ಕಾಂಪೌಂಡಿನೊಳಗೆ ಬಿದ್ದ ಡಿಸ್ಕ್ ವಾಪಸು ಬರಲು ಅದೊಂದೇ ದಾರಿ.

ಇಂತಿ ತಮ್ಮ ವಿಶ್ವಾಸಿ,
ಹಿರಿಯ ಡಿಸ್ಕ್ ಗಾಲ್ಫ್ ಆಟಗಾರ,
ಜಯನಗರ, ಬೆಂಗಳೂರು